ಪಾಸ್‌ಪೋರ್ಟ್‌ನಲ್ಲಿರೋ ಚಿಪ್ ಮತ್ತು ನಮ್ಮ ಪ್ರೈವಸಿ: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಪಾಸ್‌ಪೋರ್ಟ್ ಕೈಗೆ ಬಂದವರು, ರಿನ್ಯೂವಲ್‌ಗೆ ಹಾಕಿ ಕಾಯ್ತಿರೋರು, ಮಗಳ ಬಾಣಂತನಕ್ಕೆ ಅಂತ ಅಮೆರಿಕಕ್ಕೆ ಹೊರಟಿರೋ ಅಮ್ಮಂದಿರು, ಗಲ್ಫ್‌ಗೆ ಕೆಲಸಕ್ಕೆ ಹೋಗೋ ಕರಾವಳಿ ಹುಡುಗರು, ಎಲ್ರೂ ಸುತ್ತಿ ಬಳಸಿ ಕೇಳೋದು ಇವೇ ಪ್ರಶ್ನೆಗಳು. ಅವರು ಕೇಳಿದ ಮಾತಲ್ಲೇ ಇಟ್ಟಿದೀನಿ. ಮೊದಲು ಸುಲಭದ್ದು, ಆಮೇಲೆ ಸ್ವಲ್ಪ ತಲೆ ತಿನ್ನೋದು. ನಿಮಗೆ ಬೇಕಾದ್ದನ್ನ ಮಾತ್ರ ಓದ್ಕೊಂಡ್ರೂ ಅರ್ಥ ಆಗುತ್ತೆ.

## ಶುರುವಿನ ಪ್ರಶ್ನೆಗಳು

ನನ್ನ ಪಾಸ್‌ಪೋರ್ಟ್‌ನಲ್ಲಿ ಚಿಪ್ ಇದೆಯೋ ಇಲ್ವೋ ಹೇಗೆ ಗೊತ್ತಾಗೋದು?

ಮುಂದಿನ ರಟ್ಟು ನೋಡಿ. ಕೆಳಗಡೆ ಚಿನ್ನದ ಬಣ್ಣದಲ್ಲಿ ಒಂದು ಪುಟ್ಟ ಆಯತ, ನಡುವೆ ಒಂದು ವೃತ್ತ ಇರೋ ಗುರುತು ಇದ್ರೆ ಅದು ಇ-ಪಾಸ್‌ಪೋರ್ಟ್. ಇದು ಎಲ್ಲಾ ದೇಶಕ್ಕೂ ಒಂದೇ ಗುರುತು. ನಮ್ಮಲ್ಲಿ ಜನಸಾಮಾನ್ಯರಿಗೆ ಕೊಡೋದು 2024ರ ಏಪ್ರಿಲ್‌ನಲ್ಲಿ ಪ್ರಾಯೋಗಿಕವಾಗಿ ನಾಗಪುರ, ಭುವನೇಶ್ವರದಿಂದ ಶುರುವಾಗಿ 2025ರಲ್ಲಿ ದೇಶಪೂರ್ತಿ ಬಂತು. ಆದ್ರೆ ಭಾರತಕ್ಕೆ ಇದು ತೀರಾ ಹೊಸದೇನಲ್ಲ, 2008ರಲ್ಲೇ ರಾಜತಾಂತ್ರಿಕರ ಪಾಸ್‌ಪೋರ್ಟ್‌ಗೆ ಚಿಪ್ ಹಾಕಿದ್ರು, ಮೊದಲನೇದು ಆಗ ರಾಷ್ಟ್ರಪತಿ ಆಗಿದ್ದ ಪ್ರತಿಭಾ ಪಾಟೀಲರಿಗೆ ಹೋಯ್ತು. ಪ್ರಪಂಚದಲ್ಲಿ ಎಲ್ಲರಿಗಿಂತ ಮೊದಲು ಪಾಸ್‌ಪೋರ್ಟ್‌ಗೆ ಚಿಪ್ ಹಾಕಿದ್ದು ಮಲೇಷ್ಯಾ, 1998ರಲ್ಲಿ.

ನಂದು ಹಳೇದು, ಇನ್ನೂ ಐದಾರು ವರ್ಷ ವ್ಯಾಲಿಡಿಟಿ ಇದೆ. ಈಗಲೇ ಬದಲಾಯಿಸ್ಕೋಬೇಕಾ?

ಬೇಡ. ಅವಧಿ ಮುಗಿಯೋ ತನಕ ಹಳೇದು ನಡೆಯುತ್ತೆ. ಏಜೆಂಟ್ ಹೆದರಿಸಿದ್ರೆ ದುಡ್ಡು ಕೊಡಕ್ಕೆ ಹೋಗ್ಬೇಡಿ.

ಚಿಪ್ ಒಳಗೆ ಏನೇನ್ ತುಂಬಿರ್ತಾರೆ? ಆಧಾರ್, ಬ್ಯಾಂಕ್ ಅಕೌಂಟು, ಪೊಲೀಸ್ ಕೇಸು ಎಲ್ಲಾ ಇರುತ್ತಂತೆ, ನಿಜಾನಾ?

ಯಾರು ಹೇಳಿದ್ರೋ ಗೊತ್ತಿಲ್ಲ, ಹಾಗೇನಿಲ್ಲ. ಚಿಪ್‌ನಲ್ಲಿ ಏನಿರಬೇಕು ಅಂತ ಐಕಾವೊ ಅನ್ನೋ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ನಿಯಮ ಮಾಡಿದೆ, ಎಲ್ಲಾ ದೇಶಗಳೂ ಅದನ್ನೇ ಅನುಸರಿಸ್ತವೆ. ಅದರ ಪ್ರಕಾರ ಕಡ್ಡಾಯ ಇರೋದು ಎರಡೇ: ಒಂದು, ಫೋಟೋ ಇರೋ ಪುಟದ ಕೆಳಗೆ ಬಾಣದ ಗುರುತು ತುಂಬ್ಕೊಂಡಿರೋ ಎರಡು ಸಾಲು ಇರುತ್ತಲ್ಲ ಅದೇ ಮಾಹಿತಿ, ಅಂದ್ರೆ ಹೆಸರು, ಪಾಸ್‌ಪೋರ್ಟ್ ನಂಬರು, ಹುಟ್ಟಿದ ದಿನ, ಗಂಡೋ ಹೆಣ್ಣೋ, ಯಾವ ದೇಶ, ಯಾವಾಗ ಮುಗಿಯುತ್ತೆ. ಎರಡನೇದು ನಿಮ್ಮ ಮುಖದ ಫೋಟೋ. ಬೆರಳಚ್ಚು, ಕಣ್ಣಿನ ಪಾಪೆ ಹಾಕೋದು ಬಿಡೋದು ಆಯಾ ದೇಶಕ್ಕೆ ಬಿಟ್ಟಿದ್ದು. ಇವುಗಳ ಜೊತೆ, ಇದೆಲ್ಲಾ ತಿದ್ದಿಲ್ಲ ಅಂತ ಸಾಬೀತು ಮಾಡಕ್ಕೆ ಸರ್ಕಾರದ ಡಿಜಿಟಲ್ ಸಹಿ ಇರುತ್ತೆ.

ಅಂದ್ರೆ ಪುಟದ ಮೇಲೆ ಅಚ್ಚಾಗಿರೋದೇ ಹೆಚ್ಚುಕಮ್ಮಿ ಚಿಪ್‌ನಲ್ಲೂ ಇದೆ. ಇದನ್ನ ತಲೆಯಲ್ಲಿಟ್ಕೊಳಿ, ಮುಂದೆ ಬರೋ ಅರ್ಧ ಪ್ರಶ್ನೆಗಳಿಗೆ ಇದೇ ಉತ್ತರ.

ಗೌರ್ಮೆಂಟ್‌ನವ್ರು ನಾನೆಲ್ಲಿದೀನಿ ಅಂತ ಇದರಿಂದ ಟ್ರ್ಯಾಕ್ ಮಾಡಬಹುದಾ?

ಚಿಪ್‌ನಲ್ಲಿ ಬ್ಯಾಟರಿ ಇಲ್ಲ, ಜಿಪಿಎಸ್ ಇಲ್ಲ, ಸಿಮ್ ಇಲ್ಲ. ಬೀರುವಿನಲ್ಲಿ ಸೀರೆ ಮಧ್ಯೆ ಇಟ್ಟಿದ್ರೆ ಅದು ಸತ್ತ ಹಾಗೇ ಬಿದ್ದಿರುತ್ತೆ. ರೀಡರ್, ಅಂದ್ರೆ ಚಿಪ್ ಓದೋ ಯಂತ್ರ, ಹತ್ತಿರ ತಂದಾಗ ಅದರ ಅಲೆಯಿಂದಲೇ ಕರೆಂಟ್ ಹುಟ್ಟಿ ಎಚ್ಚರ ಆಗುತ್ತೆ, ದೂರ ತಗೊಂಡ್ರೆ ಮತ್ತೆ ಮಲಗುತ್ತೆ. ನೀವೆಲ್ಲಿದೀರಿ ಅಂತ ತಿಳ್ಕೋಬೇಕು ಅನ್ನೋರಿಗೆ ನಿಮ್ಮ ಜೇಬಲ್ಲಿರೋ ಮೊಬೈಲ್ ಸಾಕು, ಪಾಸ್‌ಪೋರ್ಟ್ ತಂಟೆಗೆ ಯಾಕೆ ಬರ್ತಾರೆ.

ಫಾಸ್ಟ್‌ಟ್ಯಾಗ್‌ನಲ್ಲೂ ಬ್ಯಾಟರಿ ಇಲ್ವಲ್ಲ, ಆದ್ರೂ ಟೋಲ್‌ನಲ್ಲಿ ಅಷ್ಟು ದೂರದಿಂದ ಓದುತ್ತಲ್ಲ? ಪಾಸ್‌ಪೋರ್ಟ್ ಯಾಕೆ ಓದಲ್ಲ?

ಒಳ್ಳೇ ಪ್ರಶ್ನೆ. ರೇಡಿಯೋ ಅಲೆಯಲ್ಲಿ ಓದೋ ಇಂಥ ಚಿಪ್‌ಗೆ ಆರ್‌ಎಫ್‌ಐಡಿ ಅಂತಾರೆ, ಎರಡಕ್ಕೂ ಅದೇ ಹೆಸರು, ಆದ್ರೆ ಜಾತಿ ಬೇರೆ. ಫಾಸ್ಟ್‌ಟ್ಯಾಗ್ ಕೆಲಸ ಮಾಡೋದು 865ರಿಂದ 867 ಮೆಗಾಹರ್ಟ್ಸ್‌ನಲ್ಲಿ, ಅದನ್ನ ಮಾಡಿರೋದೇ ಮೀಟರ್‌ಗಟ್ಟಲೆ ದೂರದಿಂದ ಓದಕ್ಕೆ. ಪಾಸ್‌ಪೋರ್ಟ್ ಚಿಪ್ 13.56 ಮೆಗಾಹರ್ಟ್ಸ್‌ದು, ಹತ್ತು ಸೆಂಟಿಮೀಟರ್ ಒಳಗೆ ಅಂತ ಲೆಕ್ಕ. ಸಂಶೋಧಕರು ದೊಡ್ಡ ಆಂಟೆನಾ ಕಟ್ಟಿ ಈ ಜಾತಿ ಚಿಪ್ಪನ್ನ 25 ಸೆಂಟಿಮೀಟರ್ ದೂರದಿಂದ ಓದಿ ತೋರಿಸಿದಾರೆ. ರೀಡರ್ ಜೊತೆ ಆಗಲೇ ಮಾತು ನಡೀತಿದ್ರೆ ಕಳ್ಳಗಿವಿ ಇಟ್ಟು ಕೇಳಿಸ್ಕೊಳ್ಳೋದನ್ನ ಇನ್ನೂ ದೂರದಿಂದ ಮಾಡಬಹುದು, ಅದು ಬೇರೆ ಮಾತು.

ದೂರದಿಂದ ಓದೋ ಜಾತಿಯನ್ನ ಪ್ರಯಾಣದ ದಾಖಲೆಗೆ ಹಾಕಿ ಎಡವಟ್ಟು ಮಾಡಿದ ಉದಾಹರಣೆನೂ ಇದೆ. ಅಮೆರಿಕದಲ್ಲಿ ಕೆನಡಾ, ಮೆಕ್ಸಿಕೋ ಗಡಿ ದಾಟೋರಿಗೆ ಪಾಸ್‌ಪೋರ್ಟ್ ಕಾರ್ಡ್ ಅಂತ ಕೊಡ್ತಾರೆ, ಪುಸ್ತಕ ಅಲ್ಲ, ಬರೀ ಕಾರ್ಡು. 2009ರಲ್ಲಿ ಕ್ರಿಸ್ ಪ್ಯಾಜೆಟ್ ಅನ್ನೋ ಹ್ಯಾಕರ್ ಸ್ಯಾನ್ ಫ್ರಾನ್ಸಿಸ್ಕೋ ರಸ್ತೆಗಳಲ್ಲಿ ಕಾರು ಓಡಿಸ್ಕೊಂಡೇ 20 ನಿಮಿಷದಲ್ಲಿ ಅಂಥ ಎರಡು ಕಾರ್ಡಿನ ನಂಬರ್ ಹಿಡಿದು ತೋರಿಸಿದ. ಅದರಲ್ಲಿ ಹೆಸರು ಬರಲ್ಲ, ಬರೀ ಗುರುತಿನ ಸಂಖ್ಯೆ. ಆದ್ರೂ ಅದೇ ಸಂಖ್ಯೆ ನಾಳೆ ಇನ್ನೊಂದು ಕಡೆ ಕಂಡ್ರೆ ಅದೇ ಮನುಷ್ಯ ಅಂತ ಗೊತ್ತಾಗುತ್ತಲ್ಲ.

## ಜೇಬು, ಬ್ಯಾಗು, ಜೆರಾಕ್ಸು

ಏರ್‌ಪೋರ್ಟ್ ಕ್ಯೂನಲ್ಲಿ ಹಿಂದೆ ನಿಂತವನು ಮೊಬೈಲ್ ತಾಗಿಸಿ ನನ್ನ ಮಾಹಿತಿ ಕದಿಬಹುದಾ?

ಸುಮ್ನೆ ತಾಗಿಸಿದ್ರೆ ಏನೂ ಬರಲ್ಲ, ಯಾಕಂದ್ರೆ ಚಿಪ್‌ಗೆ ಬೀಗ ಇದೆ. ಆ ಬೀಗದ ಕೀ ಯಾವುದು ಅಂದ್ರೆ ನಿಮ್ಮ ಪಾಸ್‌ಪೋರ್ಟ್ ನಂಬರು, ಹುಟ್ಟಿದ ತಾರೀಖು, ಅವಧಿ ಮುಗಿಯೋ ತಾರೀಖು ಈ ಮೂರೂ ಸೇರಿ ಆಗೋದು. ಅದಕ್ಕೇ ಇಮಿಗ್ರೇಷನ್ ಕೌಂಟರ್‌ನವರು ಮೊದಲು ಫೋಟೋ ಪುಟ ಬಿಚ್ಚಿ ಗಾಜಿನ ಮೇಲೆ ಬೋರಲಾಗಿ ಇಡ್ತಾರೆ, ರೀಡರ್ ಕೆಳಗಿನ ಎರಡು ಸಾಲು ಓದಿ, ಅದರಿಂದ ಕೀ ಮಾಡ್ಕೊಂಡು ಆಮೇಲೆ ಚಿಪ್ ಜೊತೆ ಮಾತಾಡುತ್ತೆ. ಅಂದ್ರೆ ಪುಸ್ತಕ ತೆರೆದು ತೋರಿಸಿದವರಿಗೆ ಮಾತ್ರ ಚಿಪ್ ಬಾಯಿ ಬಿಡುತ್ತೆ.

ಈ ಬೀಗ ಮೊದಲಿಂದಲೂ ಇತ್ತು ಅಂದ್ಕೋಬೇಡಿ, ಜನ ಜಗಳ ಆಡಿದ್ದಕ್ಕೆ ಬಂತು. 2005ರಲ್ಲಿ ಅಮೆರಿಕ ಸರ್ಕಾರ ಬೀಗ ಇಲ್ಲದ ಚಿಪ್ ಹಾಕಕ್ಕೆ ಹೊರಟಿತ್ತು. ಅಭಿಪ್ರಾಯ ತಿಳಿಸಿ ಅಂದಾಗ 2,335 ಪತ್ರ ಬಂದವು, ಅದರಲ್ಲಿ ನೂರಕ್ಕೆ 98ಕ್ಕಿಂತ ಹೆಚ್ಚು ವಿರೋಧದ್ದೇ. ಆಮೇಲೆ ಬೀಗನೂ ಹಾಕಿದ್ರು, ರಟ್ಟಿನೊಳಗೆ ಲೋಹದ ಪದರನೂ ಸೇರಿಸಿದ್ರು. ಬೆಲ್ಜಿಯಂನವರು 2004ರಿಂದ 2006ರ ಮಧ್ಯೆ ಕೊಟ್ಟ ಪಾಸ್‌ಪೋರ್ಟ್‌ಗಳಲ್ಲಿ ಬೀಗ ಇರಲೇ ಇಲ್ಲ ಅಂತ ಅಲ್ಲಿನ ವಿಶ್ವವಿದ್ಯಾಲಯದವರೇ 2007ರಲ್ಲಿ ಕಂಡುಹಿಡಿದ್ರು.

ಹಾಗಾದ್ರೆ ನಮ್ಮ ಜೆರಾಕ್ಸ್ ಇಸ್ಕೊಂಡ ಎಲ್ಲರ ಹತ್ರನೂ ಕೀ ಇದೆ ಅಂತಾಯ್ತಲ್ಲ ಗುರೂ?

ಆಯ್ತು. ಇದನ್ನ ಕೇಳೋರು ಕಮ್ಮಿ, ಆದ್ರೆ ನನ್ನ ಪ್ರಕಾರ ಇಡೀ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಇದೊಂದೇ. ಟ್ರಾವೆಲ್ ಏಜೆಂಟ್, ಹೋಟೆಲ್ ರಿಸೆಪ್ಷನ್, ಫಾರಿನ್ ಕರೆನ್ಸಿ ಬದಲಾಯಿಸೋ ಅಂಗಡಿ, ಸಿಮ್ ಮಾರೋನು, ಕಂಪನಿ ಎಚ್‌ಆರ್, ಕೈಲಾಸ ಮಾನಸ ಸರೋವರ ಟೂರ್‌ನವರು, ಅಕ್ಕನ ಮಗನಿಗೆ "ಟಿಕೆಟ್ ಬುಕ್ ಮಾಡಪ್ಪ" ಅಂತ ಕಳಿಸಿದ ವಾಟ್ಸಾಪ್ ಫೋಟೋ, ಎಣಿಸಿ ನೋಡಿ ಎಷ್ಟು ಜನರ ಹತ್ರ ಇದೆ. ಜೆರಾಕ್ಸ್ ಅಂಗಡಿಯಲ್ಲಿ ಪೆನ್‌ಡ್ರೈವ್ ಚುಚ್ಚಿದ್ದು, ಇಮೇಲ್ ಮಾಡಿ ಪ್ರಿಂಟ್ ತೆಗೆಸಿದ್ದು ಸೇರಿಸಿ.

ಆದ್ರೆ ಗಾಬರಿ ಬೇಡ, ಸ್ವಲ್ಪ ಯೋಚನೆ ಮಾಡಿ. ಆ ಕಾಪಿ ಇರೋನಿಗೆ ಚಿಪ್ ಓದಬೇಕಂದ್ರೆ ನಿಮ್ಮ ಪುಸ್ತಕದ ಹತ್ತಿರಕ್ಕೇ ಬರಬೇಕು, ಬಂದು ಓದಿದ್ರೂ ಅವನಿಗೆ ಹೊಸದಾಗಿ ಸಿಗೋದು ಒಂದು ಒಳ್ಳೇ ಕ್ವಾಲಿಟಿ ಫೋಟೋ ಅಷ್ಟೇ, ಮಿಕ್ಕಿದ್ದೆಲ್ಲಾ ಕಾಪಿಯಲ್ಲೇ ಇದೆಯಲ್ಲ. ಕಾಪಿ ಇಟ್ಕೊಂಡು ನಿಮ್ಮ ಹೆಸರಲ್ಲಿ ಸಿಮ್ ತಗೊಳ್ಳೋದು, ಅಕೌಂಟ್ ತೆಗೆಯೋದು ಅವನಿಗೆ ಅದಕ್ಕಿಂತ ಸುಲಭ. ಅದಕ್ಕೇ ಹೇಳೋದು, ಚಿಪ್‌ಗಿಂತ ಹೆಚ್ಚು ಹುಷಾರಾಗಿರಬೇಕಾದ್ದು ಆ ಫೋಟೋ ಪುಟದ ಬಗ್ಗೆ. ಕಾಪಿ ಕೊಡಲೇಬೇಕಾದಾಗ ಅದರ ಮೇಲೆ ಅಡ್ಡಡ್ಡ "ಇಂಥ ವೀಸಾಗೆ ಮಾತ್ರ" ಅಂತ ತಾರೀಖು ಹಾಕಿ ಬರೆದು ಕೊಡಿ. ವೀಸಾ ಆಫೀಸಿನವರು ಒಪ್ಪದೇ ಇರಬಹುದು, ಹೋಟೆಲ್‌ನವರು ಸಾಮಾನ್ಯವಾಗಿ ಬೇಡ ಅನ್ನಲ್ಲ. ಎರಡು ಸಾಲನ್ನ ಮುಚ್ಚಿ ಕೊಡಕ್ಕಾಗುತ್ತೆ ಅಂದ್ರೆ ಇನ್ನೂ ಒಳ್ಳೇದು, ಆದ್ರೆ ನಂಬರು, ತಾರೀಖು ಮೇಲೂ ಅಚ್ಚಾಗಿರೋದನ್ನ ಮರೀಬೇಡಿ.

ಆರ್‌ಎಫ್‌ಐಡಿ ಬ್ಲಾಕಿಂಗ್ ಕವರ್ ಅಂತ ಮಾರ್ತಾರಲ್ಲ, ತಗೊಳ್ಲಾ?

ಪುಸ್ತಕ ಮಡಚದೆ ಇರಕ್ಕೆ, ಮಳೆಗೆ ನೆನೆಯದೆ ಇರಕ್ಕೆ ಕವರ್ ಬೇಕಿದ್ರೆ ತಗೊಳಿ. ಬರೀ ಕಳ್ಳರ ಭಯಕ್ಕಾದ್ರೆ ಚಪಾತಿ ಸುತ್ತೋ ಫಾಯಿಲ್ ಸಾಕು, ಅದೂ ಬೇಕಿಲ್ಲ.

ಮೈಕ್ರೋವೇವ್‌ನಲ್ಲಿ ಎರಡು ಸೆಕೆಂಡ್ ಇಟ್ರೆ ಚಿಪ್ ಸುಟ್ಟುಹೋಗುತ್ತಂತೆ, ಮಾಡಬಹುದಾ?

ಚಿಪ್ ಜೊತೆ ಪುಟನೂ ಸುಡುತ್ತೆ, ಕಪ್ಪು ಕಲೆ ಬೀಳುತ್ತೆ, ಕೌಂಟರ್‌ನಲ್ಲಿ ಸಿಕ್ಕಿಹಾಕ್ಕೋತೀರ. ಪಾಸ್‌ಪೋರ್ಟ್ ನಮ್ಮದಲ್ಲ ಸ್ವಾಮಿ, 1967ರ ಪಾಸ್‌ಪೋರ್ಟ್ ಕಾಯ್ದೆ ಪ್ರಕಾರ ಅದು ಕೇಂದ್ರ ಸರ್ಕಾರದ ಸ್ವತ್ತು, ತಿದ್ದಿದ್ರೆ ಎರಡು ವರ್ಷದವರೆಗೆ ಜೈಲು ಅಂತ ಅದರಲ್ಲೇ ಇದೆ. ತಾನಾಗೇ ಚಿಪ್ ಕೆಟ್ಟಿದ್ರೆ ಅದು ಬೇರೆ, ಆಗ ಸ್ವಯಂಚಾಲಿತ ಗೇಟ್ ತೆರೆಯಲ್ಲ, ಅಧಿಕಾರಿ ಇರೋ ಕೌಂಟರ್‌ಗೆ ಹೋಗಬೇಕಾಗುತ್ತೆ.

ನನ್ನ ಚಿಪ್ಪನ್ನ ನಾನೇ ಮೊಬೈಲ್‌ನಲ್ಲಿ ಓದಿ ನೋಡಬಹುದಾ?

ಧಾರಾಳವಾಗಿ. ಎನ್‌ಎಫ್‌ಸಿ (ಹತ್ತಿರ ತಾಗಿಸಿ ಚಿಪ್ ಓದೋ ಸೌಲಭ್ಯ) ಇರೋ ಆಂಡ್ರಾಯ್ಡ್ ಫೋನ್ ಆದ್ರೂ ಆಗುತ್ತೆ, ಐಫೋನ್‌ನಲ್ಲಿ ಐಒಎಸ್ 13ರಿಂದ ಆಗುತ್ತೆ. ಆ್ಯಪ್ ಮೊದಲು ಕ್ಯಾಮೆರಾದಲ್ಲಿ ಆ ಎರಡು ಸಾಲು ತೋರಿಸಿ ಅನ್ನುತ್ತೆ (ಕೀ ಬೇಕಲ್ಲ), ಆಮೇಲೆ ಪುಸ್ತಕ ಮುಚ್ಚಿ ಫೋನಿನ ಬೆನ್ನಿಗೆ ಒತ್ತಿಡಬೇಕು. ಒಂದೇ ಸಲಕ್ಕೆ ಸಿಗಲ್ಲ, ಕೆಲವು ದೇಶದವರು ಚಿಪ್ಪನ್ನ ಹಿಂದಿನ ರಟ್ಟಲ್ಲಿ ಇಟ್ಟಿರ್ತಾರೆ, ಕೆಲವರು ಫೋಟೋ ಪುಟದಲ್ಲೇ. ಮೇಲೆ ಕೆಳಗೆ ಸರಿಸ್ತಾ ಇರಿ, ಫೋನ್ ಗುರ್ ಅಂದ ತಕ್ಷಣ ಅಲ್ಲಾಡಿಸಬೇಡಿ, ಹೆಸರು ನಂಬರು ತಟ್ಟನೆ ಬರುತ್ತೆ, ಫೋಟೋ ಬರಕ್ಕೆ ಕೆಲವು ಸೆಕೆಂಡ್ ಹಿಡಿಯುತ್ತೆ. ಅರ್ಧದಲ್ಲಿ ಕೈ ಅಲ್ಲಾಡಿದ್ರೆ ಮತ್ತೆ ಮೊದಲಿಂದ.

ಆದ್ರೆ ಯಾವ ಆ್ಯಪ್‌ನಲ್ಲಿ ಓದ್ತೀರೋ ಆ ಆ್ಯಪ್‌ಗೆ ನಿಮ್ಮ ಮಾಹಿತಿ ಪೂರ್ತಿ ಸಿಕ್ಕ ಹಾಗೇನೇ. ಊರು ಹೆಸರು ಇಲ್ಲದ ಆ್ಯಪ್ ಹಾಕ್ಕೋಬೇಡಿ, ನೆಟ್ ಆಫ್ ಮಾಡಿ ಓದಿ, ನೋಡಿ ಆದ್ಮೇಲೆ ಡಿಲೀಟ್ ಮಾಡಿ.

## ಮುಖ, ಬೆರಳಚ್ಚು, ಓದಿದವರ ಕಂಪ್ಯೂಟರು

ಪಾಸ್‌ವರ್ಡ್ ಹೋದ್ರೆ ಬದಲಾಯಿಸಬಹುದು, ಬೆರಳಚ್ಚು ಹೋದ್ರೆ ಏನ್ ಮಾಡೋದು?

ಈ ಭಯ ಸರಿಯಾಗೇ ಇದೆ. ಅದಕ್ಕೇ ಬೆರಳಚ್ಚಿಗೆ ಎರಡನೇ ಬೀಗ ಇದೆ. ಯುರೋಪಿಯನ್ ಒಕ್ಕೂಟದಲ್ಲಿ 2009ರಿಂದ ಪಾಸ್‌ಪೋರ್ಟ್‌ನಲ್ಲಿ ಎರಡು ಬೆರಳಚ್ಚು ಕಡ್ಡಾಯ, ಆದ್ರೆ ಮುಖದ ಫೋಟೋ ಥರ ಯಾರು ಬೇಕಾದ್ರೂ ಓದಕ್ಕಾಗಲ್ಲ. ಓದೋ ಯಂತ್ರವೇ "ನನಗೆ ಆ ದೇಶ ಅನುಮತಿ ಕೊಟ್ಟಿದೆ" ಅಂತ ಸರ್ಟಿಫಿಕೇಟ್ ತೋರಿಸಬೇಕು. ಜರ್ಮನಿ ತನ್ನವರ ಬೆರಳಚ್ಚು ಓದಕ್ಕೆ ಯಾವ ದೇಶಕ್ಕೆ ಅನುಮತಿ ಕೊಡಲ್ವೋ ಆ ದೇಶದ ರೀಡರ್‌ಗೆ ಅದು ಕಾಣಲ್ಲ.

ಆದ್ರೂ ಜರ್ಮನಿಯ ಬೋಖುಮ್ ಊರಿನ ಶ್ವಾರ್ಟ್ಸ್ ಅನ್ನೋ ವಕೀಲ ಬೆರಳಚ್ಚು ಕೊಡಲ್ಲ ಅಂತ ಕೋರ್ಟಿಗೆ ಹೋದ್ರು. 2013ರ ಅಕ್ಟೋಬರ್‌ನಲ್ಲಿ ಯುರೋಪಿನ ನ್ಯಾಯಾಲಯ, ಇದು ಖಾಸಗಿತನಕ್ಕೆ ಕೈ ಹಾಕಿದ ಹಾಗೆ ಹೌದು, ಆದ್ರೆ ಕಾರಣ ಇದೆ ಅಂತ ನಿಯಮವನ್ನ ಎತ್ತಿಹಿಡೀತು. ತೀರ್ಪಿನಲ್ಲಿ ನನಗೆ ಮುಖ್ಯ ಅನ್ಸೋದು, ಈ ನಿಯಮ ಪಾಸ್‌ಪೋರ್ಟ್ ಒಳಗೆ ಇಡಕ್ಕೆ ಮಾತ್ರ, ಎಲ್ಲರದ್ದೂ ಒಂದೇ ಕಡೆ ಕೂಡಿಡಕ್ಕೆ ಇದನ್ನ ಆಧಾರ ಮಾಡ್ಕೊಳ್ಳೋ ಹಾಗಿಲ್ಲ ಅಂದಿದ್ದು. ಬೆರಳಚ್ಚು ನಿಮ್ಮ ಜೇಬಲ್ಲಿರೋ ಪುಸ್ತಕದಲ್ಲಿ ಮಾತ್ರ ಇದ್ರೆ ಕಳ್ಳ ಒಬ್ಬೊಬ್ಬರ ಜೇಬಿಗೂ ಕೈ ಹಾಕಬೇಕು, ಒಂದೇ ಕಂಪ್ಯೂಟರ್‌ನಲ್ಲಿ ಇದ್ರೆ ಒಂದೇ ಸಲ ಸಾಕು. ನಮ್ಮಲ್ಲಿ ಬೆಂಗಳೂರಿನ ಲಾಲ್‌ಬಾಗ್ ರಸ್ತೆ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋದವರಿಗೆ ಗೊತ್ತಿರುತ್ತೆ, ಎ ಕೌಂಟರ್‌ನಲ್ಲೇ ಕಾಗದ ಸ್ಕ್ಯಾನ್ ಮಾಡಿ, ಫೋಟೋ ತೆಗೆದು, ಗಾಜಿನ ಮೇಲೆ ಬೆರಳು ಒತ್ತಿಸಿ ಆಮೇಲೆ ಬಿ, ಸಿ ಅಂತ ಕಳಿಸ್ತಾರೆ. ಚಿಪ್ ಬರೋ ಮುಂಚೆಯಿಂದಲೂ ಇದು ನಡೀತಿದೆ.

ಹೊರದೇಶದ ಇಮಿಗ್ರೇಷನ್‌ನವರು ಒಂದ್ಸಲ ಓದಿದ್ಮೇಲೆ ಅಲ್ಲೇ ಇಟ್ಕೋತಾರಾ, ಅಳಿಸ್ತಾರಾ?

ಇಟ್ಕೋತಾರೆ. ಚಿಪ್ ಬಗ್ಗೆ ನಡೆಯೋ ಮಾತೆಲ್ಲಾ ಪುಸ್ತಕದ ಸುತ್ತಲೇ ಸುತ್ತುತ್ತೆ, ಆದ್ರೆ ಓದಿದ ಮಾಹಿತಿ ಹೋಗಿ ಸೇರೋ ಜಾಗ ಇದೆಯಲ್ಲ, ಅಲ್ಲಿ ನಮ್ಮ ಕೈ ಏನೂ ನಡೆಯಲ್ಲ.

ಅಮೆರಿಕಕ್ಕೆ ಹೋದಾಗ ಕ್ಯಾಮೆರಾ ಮುಂದೆ ನಿಲ್ಲಿಸಿ ಮುಖ ತೆಗೀತಾರೆ. ಅವರ ಪ್ರಜೆಗಳದ್ದಾದ್ರೆ 12 ಗಂಟೆ ಒಳಗೆ ಅಳಿಸ್ತೀವಿ ಅಂತಾರೆ, ನಮ್ಮಂಥ ವಿದೇಶಿಯರದ್ದು 75 ವರ್ಷದವರೆಗೆ ಇಡ್ತಾರೆ. ಎಪ್ಪತ್ತೈದು ವರ್ಷ! ಅರವತ್ತು ದಾಟಿದ ಅಮ್ಮ ಮೊಮ್ಮಗುವನ್ನ ನೋಡಕ್ಕೆ ಹೋದ್ರೆ ಅವರ ಮುಖ ಅವರಿಗಿಂತ ಹೆಚ್ಚು ಕಾಲ ಅಲ್ಲಿರುತ್ತೆ. ಇಟ್ಟಿದ್ದು ಭದ್ರವಾಗಿ ಇರುತ್ತಾ ಅಂದ್ರೆ, 2019ರಲ್ಲಿ ಅಲ್ಲಿನ ಗಡಿ ಇಲಾಖೆಯ ಗುತ್ತಿಗೆದಾರ ಕಂಪನಿಯೊಂದು ಪ್ರಯಾಣಿಕರ ಮುಖದ ಚಿತ್ರಗಳನ್ನ ತನ್ನ ಕಂಪ್ಯೂಟರ್‌ಗೆ ಹಾಕ್ಕೊಂಡು, ಅಲ್ಲಿಂದ ಹ್ಯಾಕರ್‌ಗಳ ಕೈಗೆ ಹೋಯ್ತು. ಸುಮಾರು 1,84,000 ಚಿತ್ರ ಅಂತ ಸರ್ಕಾರಿ ತನಿಖೆಯಲ್ಲೇ ಬಂತು.

ಯುರೋಪಿನ ಷೆಂಗೆನ್ ದೇಶಗಳಲ್ಲಿ (ಒಂದೇ ವೀಸಾದಲ್ಲಿ ಓಡಾಡಬಹುದಾದ ದೇಶಗಳ ಗುಂಪು) 2025ರ ಅಕ್ಟೋಬರ್ 12ರಿಂದ ಪಾಸ್‌ಪೋರ್ಟ್‌ಗೆ ಸೀಲ್ ಹೊಡೆಯೋ ಬದಲು ಕಂಪ್ಯೂಟರ್‌ನಲ್ಲಿ ದಾಖಲು ಮಾಡೋ ವ್ಯವಸ್ಥೆ ಶುರುವಾಗಿದೆ. ವೀಸಾಗೆ ಅರ್ಜಿ ಹಾಕುವಾಗಲೇ ನಮ್ಮ ಬೆರಳಚ್ಚು ತಗೊಂಡಿರೋದ್ರಿಂದ ಗಡಿಯಲ್ಲಿ ಹೊಸದಾಗಿ ಸೇರೋದು ಮುಖದ ಚಿತ್ರ. ಸಾಮಾನ್ಯವಾಗಿ ಮೂರು ವರ್ಷ ಇಡ್ತಾರೆ, ವಾಪಸ್ ಹೋದ ದಾಖಲೆ ಇಲ್ಲದಿದ್ರೆ ಐದು. ಜಪಾನ್ 2007ರಿಂದಲೇ ವಿದೇಶಿಯರ ಎರಡೂ ತೋರುಬೆರಳು ಒತ್ತಿಸ್ಕೊಳುತ್ತೆ. ಇಲ್ಲೆಲ್ಲೂ ನಿಮ್ಮ ಪಾಸ್‌ಪೋರ್ಟ್‌ನಲ್ಲಿ ಚಿಪ್ ಇಲ್ಲದಿದ್ರೆ ಮುಖ, ಬೆರಳು ತಗೊಳ್ಳಲ್ಲ ಅಂತೇನಿಲ್ಲ.

ಡಿಜಿಯಾತ್ರಾ, ಆಮೇಲೆ ಇಮಿಗ್ರೇಷನ್‌ನಲ್ಲಿ ಫಾಸ್ಟ್ ಟ್ರ್ಯಾಕ್ ಅಂತ ಇದೆಯಲ್ಲ, ಅದೆಲ್ಲಾ ಇದೇ ಚಿಪ್ಪಿನದ್ದಾ?

ಅಲ್ಲ, ಮೂರೂ ಬೇರೆ ಬೇರೆ. ಡಿಜಿಯಾತ್ರಾ 2022ರ ಡಿಸೆಂಬರ್ 1ರಂದು ಬೆಂಗಳೂರು, ದೆಹಲಿ, ವಾರಾಣಸಿಯಲ್ಲಿ ಶುರುವಾಗಿದ್ದು, ದೇಶದೊಳಗಿನ ವಿಮಾನಕ್ಕೆ, ಮುಖ ನೋಡಿ ಗೇಟ್ ತೆರೆಯುತ್ತೆ, ಪಾಸ್‌ಪೋರ್ಟ್ ಬೇಕಾಗಲ್ಲ. ಮಾಹಿತಿ ಫೋನ್‌ನಲ್ಲೇ ಇರುತ್ತೆ, ಏರ್‌ಪೋರ್ಟ್‌ಗೆ ಹೋಗಿದ್ದು 24 ಗಂಟೆಯಲ್ಲಿ ಅಳಿಸ್ತೀವಿ ಅನ್ನೋದು ಅವರ ಮಾತು. ಬೇಡ ಅಂದ್ರೆ ಮಾಮೂಲಿ ಸಾಲಿಗೆ ಹೋಗಬಹುದು, ಗೇಟ್ ಹತ್ರ ನಿಂತಿರೋ ಹುಡುಗರು ಒತ್ತಾಯ ಮಾಡಿದ್ರೂ ಅಷ್ಟೇ. ಇನ್ನೊಂದು, ಕೇಂದ್ರ ಗೃಹ ಇಲಾಖೆಯ ಟ್ರಸ್ಟೆಡ್ ಟ್ರಾವೆಲರ್ ಯೋಜನೆ, ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ 2025ರ ಜನವರಿಯಲ್ಲಿ ಬಂತು, ಅದಕ್ಕೆ ಬೇರೆಯಾಗಿ ಅರ್ಜಿ ಹಾಕಿ ಮುಖ, ಬೆರಳಚ್ಚು ಕೊಡಬೇಕು. ಅಂದ್ರೆ ಮುಖ ಕೊಡೋ ಜಾಗ ಒಂದೊಂದಾಗಿ ಜಾಸ್ತಿ ಆಗ್ತಾ ಇದೆ, ಚಿಪ್ ಅದರಲ್ಲಿ ಒಂದು ಮಾತ್ರ.

ನಮ್ಮ ದೇಶದಲ್ಲಿ ಇದಕ್ಕೆಲ್ಲಾ ಕಾನೂನು ಇದೆಯಾ?

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಕೇಸು ಹಾಕಿದ್ದು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಆಧಾರ್ ವಿರುದ್ಧ. ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ಹೋಟೆಲ್, ಟ್ರಾವೆಲ್ ಏಜೆನ್ಸಿಗಳು ಯಾಕೆ ತಗೊಂಡ್ವಿ ಅಂತ ಹೇಳಬೇಕು, ಕೆಲಸ ಮುಗಿದ ಮೇಲೆ ಅಳಿಸಬೇಕು ಅನ್ನೋದೆಲ್ಲಾ ಅದರಲ್ಲಿದೆ, ಹಂತಹಂತವಾಗಿ ಜಾರಿಗೆ ಬರುತ್ತೆ. ಆದ್ರೆ ದೇಶದ ಭದ್ರತೆ, ಸುವ್ಯವಸ್ಥೆ ಅಂತ ಸರ್ಕಾರ ತನ್ನದೇ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಕೊಳ್ಳೋ ದಾರಿನೂ ಅದೇ ಕಾಯ್ದೆಯಲ್ಲಿದೆ.

## ಸ್ವಲ್ಪ ಆಳಕ್ಕೆ ಇಳಿಯೋರಿಗೆ

ಚಿಪ್ ಕ್ಲೋನ್ ಮಾಡಿ ಎಲ್ವಿಸ್ ಪ್ರೆಸ್ಲಿ ಫೋಟೋ ಹಾಕಿದ್ರಂತೆ, ಹಾಗಾದ್ರೆ ಸೇಫ್ ಎಲ್ಲಿ?

ನಿಜ, 2008ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಷಿಪೋಲ್ ವಿಮಾನ ನಿಲ್ದಾಣದ ಒಂದು ಸ್ವಯಂಸೇವಾ ಯಂತ್ರಕ್ಕೆ ನಕಲಿ ಚಿಪ್ ತೋರಿಸಿದಾಗ ಪರದೆ ಮೇಲೆ ಎಂದೋ ತೀರಿಹೋದ ಅಮೆರಿಕದ ಗಾಯಕ ಎಲ್ವಿಸ್ ಮುಖ ಬಂತು. ಕ್ಲೋನ್ ಅಂತೂ 2006ರಲ್ಲೇ ಲ್ಯೂಕಾಸ್ ಗ್ರುನ್‌ವಾಲ್ಡ್ ಅನ್ನೋ ಕಂಪ್ಯೂಟರ್ ಭದ್ರತಾ ತಜ್ಞ ಜರ್ಮನ್ ಪಾಸ್‌ಪೋರ್ಟ್‌ನದ್ದು ಮಾಡಿ ತೋರಿಸಿದ್ದ. ಇದರಲ್ಲಿ ಎರಡು ವಿಷಯ ಬೇರೆ ಬೇರೆ ಮಾಡಿ ನೋಡಬೇಕು. ಇದ್ದಿದ್ದನ್ನ ಇದ್ದ ಹಾಗೇ ನಕಲು ಮಾಡೋದು ಆಗುತ್ತೆ, ಅದನ್ನ ತಡೆಯಕ್ಕೆ ಚಿಪ್ ಒಳಗೆ ಹೊರಗೆ ಬಾರದ ಗುಪ್ತ ಕೀ ಇಟ್ಟು, "ನೀನೇ ಅಸಲಿನಾ" ಅಂತ ಪರೀಕ್ಷೆ ಮಾಡೋ ವಿಧಾನ ಆಮೇಲೆ ಬಂತು. ಆದ್ರೆ ಫೋಟೋ ಬದಲಾಯಿಸಿದ್ರೆ ಸರ್ಕಾರದ ಸಹಿ ಒಡೆಯುತ್ತೆ, ಎಲ್ವಿಸ್ ಒಳಗೆ ನುಗ್ಗಿದ್ದು ಆ ಯಂತ್ರ ಸಹಿ ಯಾರದ್ದು ಅಂತ ನೋಡದೇ ಇದ್ದಿದ್ದಕ್ಕೆ.

ನೋಡದೇ ಇರೋದು ಬರೀ ಯಂತ್ರದ ಕಥೆ ಅಲ್ಲ. ಎಲ್ಲರಿಗೂ ಚಿಪ್ ಹಾಕ್ಸಿ ಅಂತ ಬೆನ್ನು ಬಿದ್ದಿದ್ದ ಅಮೆರಿಕದ ಗಡಿ ಇಲಾಖೆ ಹತ್ರನೇ ಸಹಿ ಪರೀಕ್ಷೆ ಮಾಡೋ ಸಾಫ್ಟ್‌ವೇರ್ ಇಲ್ಲ ಅಂತ 2018ರಲ್ಲಿ ಇಬ್ಬರು ಸೆನೆಟರ್‌ಗಳು ಪತ್ರ ಬರೆದು ಬಯಲಿಗೆಳೆದ್ರು.

ಬಿಎಸಿ ದುರ್ಬಲ, ಪೇಸ್ ಒಳ್ಳೇದು ಅಂತಾರೆ. ವ್ಯತ್ಯಾಸ ಏನು?

ಮೇಲೆ ಹೇಳಿದ ನಂಬರು, ಎರಡು ತಾರೀಖು ಸೇರಿಸಿ ಮಾಡೋ ಬೀಗ ಇದೆಯಲ್ಲ ಅದು ಬಿಎಸಿ. ಅದರ ತೊಂದರೆ ಏನಂದ್ರೆ ಕೀ ಊಹಿಸಬಹುದಾದಂಥದ್ದು. ಹುಟ್ಟಿದ ದಿನ ಫೇಸ್‌ಬುಕ್‌ನಲ್ಲೇ ಸಿಗುತ್ತೆ, ಪಾಸ್‌ಪೋರ್ಟ್ ಹತ್ತು ವರ್ಷದ್ದು, ನಂಬರು ಸಾಲಾಗಿ ಕೊಡ್ತಾ ಹೋಗಿದ್ರೆ ಯಾವ ವರ್ಷದ್ದು ಅಂತ ಅಂದಾಜು ಸಿಗುತ್ತೆ. ನೇರ ಚಿಪ್ ಮೇಲೇ ಒಂದೊಂದೇ ಊಹೆ ಹಾಕ್ತಾ ಕೂತ್ರೆ ಯುಗ ಕಳೆಯುತ್ತೆ, ಅದು ಅಷ್ಟು ನಿಧಾನ. ಆದ್ರೆ ರೀಡರ್ ಜೊತೆ ನಡೆದ ಮಾತುಕತೆಯನ್ನ ಕದ್ದು ರೆಕಾರ್ಡ್ ಮಾಡ್ಕೊಂಡು ಮನೆಯಲ್ಲಿ ಕೂತು ಕಂಪ್ಯೂಟರ್‌ಗೆ ಹಾಕಿದ್ರೆ ಬೇಗ ಆಗುತ್ತೆ, ಡಚ್ ಪಾಸ್‌ಪೋರ್ಟ್ ವಿಷಯದಲ್ಲಿ ರಿಸ್ಕ್ಯೂರ್ ಅನ್ನೋ ಕಂಪನಿ ಎರಡು ಗಂಟೆಯಲ್ಲಿ ಆಗುತ್ತೆ ಅಂತ ತೋರಿಸ್ತು. ಪೇಸ್ ಅನ್ನೋದು ಆಮೇಲೆ ಬಂದ ಬೀಗ, ಅದರಲ್ಲಿ ಕೀ ಅದೇ ಇದ್ರೂ, ಆ ಕೀ ಹಿಡ್ಕೊಂಡು ಎರಡೂ ಕಡೆಯವರು ಪ್ರತಿ ಸಲ ಹೊಸ ಗಟ್ಟಿ ಕೀ ಮಾಡ್ಕೋತಾರೆ, ರೆಕಾರ್ಡ್ ಮಾಡಿ ಮನೆಗೆ ತಗೊಂಡುಹೋಗಿ ಏನೂ ಪ್ರಯೋಜನ ಇಲ್ಲ. ಯುರೋಪಿನಲ್ಲಿ 2014ರ ಕೊನೆಯಿಂದ ಇದು ಕಡ್ಡಾಯ.

ಹೆಸರು ಓದಕ್ಕಾಗದಿದ್ರೂ "ಇವನು ಇಂಥ ದೇಶದವನು" ಅಂತ ಗೊತ್ತು ಮಾಡ್ಕೋಬಹುದಾ?

ಆಗ್ತಿತ್ತು. ಒಂದೊಂದು ದೇಶದ ಚಿಪ್ಪೂ ತಪ್ಪು ಆದೇಶ ಕೊಟ್ಟಾಗ ಒಂದೊಂದು ಥರ ಬೈಯುತ್ತೆ, ಅಂದ್ರೆ ಎರರ್ ಕೋಡ್ ಬೇರೆ ಬೇರೆ. 2008ರಲ್ಲಿ ಯುರೋಪಿನ ಸಂಶೋಧಕರು ಹತ್ತು ದೇಶದ ಪಾಸ್‌ಪೋರ್ಟ್‌ಗಳನ್ನ ಬೀಗ ತೆಗೆಯದೇ ಹೀಗೇ ವಿಂಗಡಿಸಿದ್ರು. 2010ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಟಾಮ್ ಚೋಥಿಯಾ, ವಿಟಾಲಿ ಸ್ಮಿರ್ನೋವ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ್ರು. ಒಬ್ಬನ ಪಾಸ್‌ಪೋರ್ಟ್ ಒಂದ್ಸಲ ಓದುವಾಗ ಹೋದ ಸಂದೇಶವನ್ನ ಹಿಡಿದಿಟ್ಕೊಂಡು, ಮುಂದೆ ಸಿಕ್ಕ ಪಾಸ್‌ಪೋರ್ಟ್‌ಗಳಿಗೆಲ್ಲಾ ಅದನ್ನೇ ಕಳಿಸಿದ್ರೆ, ಅದೇ ಪಾಸ್‌ಪೋರ್ಟ್ ಮಾತ್ರ ಉತ್ತರ ಕೊಡಕ್ಕೆ ಕೊಂಚ ಜಾಸ್ತಿ ಹೊತ್ತು ತಗೊಳುತ್ತೆ, ಫ್ರಾನ್ಸಿನದ್ದಂತೂ ಬೇರೆ ಎರರ್ರೇ ಕೊಡ್ತಿತ್ತು. ಹೆಸರು ಗೊತ್ತಾಗಲ್ಲ, ಅದೇ ಮನುಷ್ಯ ಅಂತ ಮಾತ್ರ ಗೊತ್ತಾಗುತ್ತೆ. ಹತ್ತಿರದಿಂದಲೇ ಮಾಡಬೇಕು ಅನ್ನೋದೊಂದು ಸಮಾಧಾನ. ನಮ್ಮ ನಿಮ್ಮಂಥವರಿಗೆ ಇದು ದೊಡ್ಡ ವಿಷಯ ಅಲ್ಲ, ಬೆನ್ನು ಹತ್ತಿರೋರು ಇರೋ ಪತ್ರಕರ್ತರು, ರಾಜಕೀಯ ಕಾರಣಕ್ಕೆ ದೇಶ ಬಿಟ್ಟವರು ಇಂಥವರಿಗೆ ವಿಷಯವೇ.

ಡಿಜಿಟಲ್ ಸಹಿ ಇದ್ರೆ ಪ್ರೈವಸಿಗೂ ಒಳ್ಳೇದೇ ಅಲ್ವಾ?

ನಕಲಿ ತಡೆಯಕ್ಕೆ ಒಳ್ಳೇದು, ಪ್ರೈವಸಿಗೆ ಉಲ್ಟಾ. ಜೆರಾಕ್ಸ್ ಲೀಕ್ ಆದ್ರೆ "ಇದು ಯಾರೋ ಫೋಟೋಶಾಪ್ ಮಾಡಿದ್ದು" ಅನ್ನಬಹುದು. ಚಿಪ್ಪಿಂದ ತೆಗೆದ ಫೈಲ್ ಲೀಕ್ ಆದ್ರೆ ಅದರ ಜೊತೆ ಸರ್ಕಾರದ ಸಹಿನೂ ಬರುತ್ತೆ, ಕೊಂಡ್ಕೊಳ್ಳೋನು ಅಸಲಿನಾ ಅಂತ ತಾನೇ ಪರೀಕ್ಷೆ ಮಾಡ್ಕೋಬಹುದು. ಬಾಡಿಗೆ ಕಾರಿನವನು, ಆನ್‌ಲೈನ್ ಬ್ಯಾಂಕು ಯಾರೇ "ಪಾಸ್‌ಪೋರ್ಟ್ ಚಿಪ್ ಸ್ಕ್ಯಾನ್ ಮಾಡಿ" ಅಂದಾಗ ಯಾಕೆ ಅಂತ ಕೇಳಿ. ಗಡಿಗೆ ಅಂತ ಮಾಡಿದ್ದನ್ನ ಅಂಗಡಿಯವರು ಕೇಳೋ ಕಾಲ ಬಂದಿದೆ.

ಮುಂದೆ ಪುಸ್ತಕನೇ ಇರಲ್ಲ, ಮೊಬೈಲ್‌ನಲ್ಲೇ ಪಾಸ್‌ಪೋರ್ಟ್ ಅಂತೆ. ಆಗ ಈ ತಲೆನೋವೆಲ್ಲಾ ಹೋಗುತ್ತಾ?

ತಲೆನೋವು ಜಾಗ ಬದಲಾಯಿಸುತ್ತೆ. ಐಕಾವೊ ಇದಕ್ಕೆ ಡಿಜಿಟಲ್ ಟ್ರಾವೆಲ್ ಕ್ರೆಡೆನ್ಷಿಯಲ್ ಅಂತ ನಿಯಮ ಮಾಡಿದೆ, ಫಿನ್ಲೆಂಡ್ 2023ರ ಆಗಸ್ಟ್‌ನಿಂದ ಹೆಲ್ಸಿಂಕಿ ಮತ್ತು ಬ್ರಿಟನ್ ನಡುವಿನ ಫಿನ್‌ಏರ್ ವಿಮಾನಗಳಲ್ಲಿ ಪ್ರಯೋಗ ಮಾಡಿ ನೋಡಿತು. ಆ ಪ್ರಯೋಗದಲ್ಲೂ ಪುಸ್ತಕ ಜೊತೆಗೇ ಇಟ್ಕೋಬೇಕಿತ್ತು. ಚಿಪ್‌ನಲ್ಲಿರೋದನ್ನೇ ಫೋನ್‌ಗೆ ಎಳ್ಕೊಂಡು, ಹೊರಡೋ ಮುಂಚೆನೇ ಗಡಿ ಪೊಲೀಸರಿಗೆ ಕಳಿಸೋದು, ಅವರು ಮೊದಲೇ ನೋಡಿಟ್ಕೊಳ್ಳೋದು, ನೀವು ಬಂದಾಗ ಮುಖ ಮಾತ್ರ ಹೋಲಿಸೋದು.

ಸಾಲು ಬೇಗ ಕರಗುತ್ತೆ, ಸಂಶಯ ಇಲ್ಲ. ಆದ್ರೆ ಇವತ್ತು ಪುಸ್ತಕ ತೆರೆದು ಗಾಜಿನ ಮೇಲೆ ಇಟ್ಟಾಗ ಮಾತ್ರ ಹೊರಗೆ ಬರೋ ಮಾಹಿತಿ ಆಗ ನೀವು ಮನೆಯಲ್ಲಿ ಇಡ್ಲಿ ತಿನ್ನುವಾಗಲೇ ಬೇರೆ ದೇಶ ಸೇರಿರುತ್ತೆ, ಹೋಗೋದು ರದ್ದಾದ್ರೂ ಅಲ್ಲೇ ಇರುತ್ತೆ. ಇನ್ನೊಂದು, ಸಹಿ ಹಾಕಿರೋದು ಆ ಎರಡು ಸಾಲಿಗೆ ಇಡಿಯಾಗಿ. ವಯಸ್ಸು ಮಾತ್ರ ತೋರಿಸ್ತೀನಿ, ಹೆಸರು ಬೇಡ ಅನ್ನಕ್ಕೆ ಈಗಿರೋ ಚಿಪ್ ಮಾದರಿಯಲ್ಲಿ ದಾರಿ ಇಲ್ಲ, ಕೊಟ್ರೆ ಪೂರ್ತಿ ಸಾಲನ್ನೇ ಕೊಡಬೇಕು. ಭಾರತದ ಪಾಸ್‌ಪೋರ್ಟ್‌ಗೆ ಇಂಥದ್ದು ಬರೋ ಹೊತ್ತಿಗೆ ಮೂರು ವಿಷಯ ಕೇಳಿ ತಿಳ್ಕೊಳಿ: ಕಳಿಸಿದ್ದನ್ನ ಎಷ್ಟು ದಿನ ಇಡ್ತಾರೆ, ಪ್ರಯಾಣ ರದ್ದಾದ್ರೆ ಅಳಿಸ್ತಾರಾ, ಆ್ಯಪ್ ಬೇಡ ಅನ್ನೋರಿಗೆ ಪುಸ್ತಕದ ಸಾಲು ಇರುತ್ತಾ.